ಐದಡಿ ಎಂಟು ಇಂಚು

ಜೂನ್ 9

ಗುಬ್ಬಿಗೆ ಚಿಕ್ಕಪ್ಪನ ಆಶೀರ್ವಾದ.

ನೀನು ಬಸ್ಸು ಹತ್ತಿದಾಗಿನಿಂದ ನಿನ್ನ ಚಿಕ್ಕಮ್ಮನದು ಒಂದೇ ರಾಗ: "ಆ ಮಗೂನ ಒಂಟಿಯಾಗಿ ಕಳಿಸಿಬಿಟ್ರಲ್ಲ!" ಮಗುವಂತೆ! ಲೈಬ್ರರಿಯ ಅಷ್ಟೂ ಪುಸ್ತಕ ಯಾವುದು ಎಲ್ಲಿದೆ ಎಂದು ಕಂಪ್ಯೂಟರ್‌ಗೆ ಕಲಿಸಿಕೊಡುವವಳು ಇವಳ ಕಣ್ಣಿಗೆ ಇನ್ನೂ ಮಗು. ರಜೆ ಮುಗಿದ ಮೇಲೆ ಹೋಗದೆ ಏನು ಮಾಡುತ್ತಿದ್ದೆ? ಇದ್ದಷ್ಟು ದಿನ ನಾವಿಬ್ಬರೂ ನಿನ್ನ ಅಪ್ಪನ ಫೋಟೋ ಹಿಡಿದು ತುಳಿಯದ ಬೀದಿ ಉಳಿದಿಲ್ಲ.

ನೀನು ಹೇಳಿಹೋದಂತೆ ಕಾಣೆಯಾದವರ ಕಚೇರಿಗೆ ಹೋಗಿ ದೂರನ್ನು ಕಂಪ್ಯೂಟರ್‌ಗೆ ಹಾಕಿಸಿ ಬಂದೆ. ಗುಮಾಸ್ತೆ ತಲೆ ಎತ್ತದೆ ಕೇಳುತ್ತ ಹೋದಳು. ಹೆಸರು, ವಯಸ್ಸು, ಮರೆವಿನ ಕಾಯಿಲೆ ಎಷ್ಟು ದಿನದಿಂದ, ಮೈಮೇಲೆ ಏನಿತ್ತು. ಅಣ್ಣ ನನ್ನ ಹೊಲಿಗೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ, ನಾನು ಒಂದು ಕೋಟಿನ ತೋಳು ಕತ್ತರಿಸಿ ತಲೆ ಎತ್ತುವಷ್ಟರಲ್ಲಿ ಕುರ್ಚಿ ಖಾಲಿ ಎಂದೆ. ಅದನ್ನು ಬರೆಯುವ ಜಾಗ ಅದರಲ್ಲಿ ಇಲ್ಲವಂತೆ.

"ಎತ್ತರ?"

"ಐದಡಿ ಎಂಟು ಇಂಚು."

"ಅಂದಾಜಾ, ಅಳತೆನಾ?"

"ಅಮ್ಮಾ, ಅವನು ಬಟ್ಟೆ ಮಳಿಗೆ ಬಾಗಿಲಲ್ಲಿ ನಿಂತು ಗಿರಾಕಿಗಳನ್ನ ಒಳಗೆ ಕರೆಯೋ ಕೆಲಸಕ್ಕೆ ಸೇರಿದಾಗಿಂದ ಅವನ ಕೋಟು, ಪ್ಯಾಂಟು ಎಲ್ಲ ಹೊಲಿದೋನು ನಾನು. ನೀವು ಎದ್ದು ಆ ಬಾಗಿಲವರೆಗೂ ನಡೀರಿ ಸಾಕು, ನಿಮ್ಮ ಭುಜದ ಅಳತೆ ಹೇಳಿಬಿಡ್ತೀನಿ."

"ಏನೂ ಬೇಡ," ಅಂದಳು. ಆದರೆ ಬಾಯಿಯ ಮೂಲೆಯಲ್ಲಿ ನಕ್ಕಳು, ನಾನು ಕಂಡೆ.

ಇನ್ನು ಫೋನಿನ ವಿಷಯ. ಬೇಡ ಮಗಳೇ. ಮಷಿನ್ನಿನ ಸದ್ದಿಗೆ ನನ್ನ ಕಿವಿ ಮುಕ್ಕಾಲು ಹೋಗಿದೆ. ನೀನು ಔಷಧಿ ಅಂಗಡಿಯವನ ಫೋನಿಗೆ ಮಾತಾಡಿದರೆ ಅವನು ಅದನ್ನು ನನ್ನ ಕಿವಿಗೆ ಕೂಗುತ್ತಾನೆ, ನನಗೆ ಕೇಳುವ ಮೊದಲು ಇಡೀ ಬೀದಿಗೆ ಕೇಳುತ್ತದೆ. ಏಳನೆಯ ತರಗತಿಯವರೆಗೆ ಮುತ್ತಿನಂತೆ ಬರೆದು ಕಲಿತ ಅಕ್ಷರ ನನ್ನದು, ನೀನು ಕಾಗದವನ್ನೇ ಬರೆ.

ಇಂತಿ,
ಕಣ್ಣಳತೆಯ ಚಕ್ರವರ್ತಿ,
ನಿನ್ನ ಚಿಕ್ಕಪ್ಪ


ಜೂನ್ 21

ಪ್ರೀತಿಯ ಚಿಕ್ಕಪ್ಪನಿಗೆ,

ಚಕ್ರವರ್ತಿಗಳ ಕಾಗದ ತಲುಪಿತು. ತುಂಬ ದಿನದ ಮೇಲೆ ನಕ್ಕೆ.

ದೂರು ಜಾಲತಾಣಕ್ಕೆ ಏರಿದೆ, ಇಲ್ಲಿಂದಲೇ ನೋಡಿದೆ. ಆಸ್ಪತ್ರೆಗಳಲ್ಲಿ, ಆಶ್ರಯಧಾಮಗಳಲ್ಲಿ ಇರುವ ಗುರುತು ಸಿಗದವರ ವಿವರವೆಲ್ಲ ಅದರಲ್ಲೇ ಇದೆ. ಎಷ್ಟು ಜನ ಚಿಕ್ಕಪ್ಪ! ಒಬ್ಬೊಬ್ಬರ ಮುಖ ನೋಡುತ್ತ ಹೋದರೆ ನನ್ನ ಆಯುಷ್ಯ ಸಾಲದು. ಅದಕ್ಕೇ ಫಿಲ್ಟರ್ ಇರುತ್ತದೆ, ಜರಡಿ ಎಂದುಕೊಳ್ಳಿ. ಗಂಡಸರು ಎಂದರೆ ಅರ್ಧ ಉದುರಿಹೋಗುತ್ತದೆ. ಅರವತ್ತು ದಾಟಿದವರು ಎಂದರೆ ಮತ್ತಷ್ಟು. ಎತ್ತರ ಹಾಕಿದರೆ ಒಂದೆರಡು ಪುಟದಷ್ಟು ಜನ ಉಳಿಯುತ್ತಾರೆ. ಲೈಬ್ರರಿಯಲ್ಲಿ ನನ್ನ ಕೆಲಸವೂ ಇದೇ, ಬೇಡವಾದುದನ್ನು ಬಿಡುತ್ತ ಬರುವುದು. ಇದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಜಂಬದಲ್ಲಿ ನಿಮ್ಮ ಅಣ್ಣನ ಮಗಳೇ ಅಲ್ಲವೇ?

ಅದೇ ಜಾಲತಾಣದಲ್ಲಿ ಸತ್ತವರ ಪಟ್ಟಿಯೂ ಇದೆ. ಅದನ್ನು ನಾನು ತೆರೆದಿಲ್ಲ, ತೆರೆಯುವುದೂ ಇಲ್ಲ. ಅಪ್ಪ ಬದುಕಿದ್ದಾರೆ. ನೀವೂ ಹಾಗೆಯೇ ನಂಬಿಕೊಂಡಿರಿ.

ಒಂದೇ ಅನುಮಾನ: ಎತ್ತರ ಸರಿಯಾಗಿದೆ ತಾನೇ? ಇನ್ನೊಮ್ಮೆ ಯೋಚಿಸಿ ಬರೆಯಿರಿ.

ನಿಮ್ಮ ಮಗಳು,
ಗುಬ್ಬಿ


ಜುಲೈ 2

ಗುಬ್ಬಿ,

ನಿನ್ನ ಜರಡಿಯ ವಿಷಯ ಓದಿ ಚಿಕ್ಕಮ್ಮನಿಗೂ ಹೇಳಿದೆ. ಅವಳು, "ನಿಮ್ಮ ಅಂಗಡಿಗೂ ಒಂದು ತರಿಸಿ, ಹೋದ ವರ್ಷ ಕೊಟ್ಟ ನನ್ನ ರವಿಕೆ ಬಟ್ಟೆ ಸಿಗಬಹುದು" ಎಂದಳು. ಇವಳಿಗೇನು ಗೊತ್ತು? ನನ್ನ ಅಂಗಡಿಯಲ್ಲಿ ಗಂಟು ಗಂಟಾಗಿ ಬಿದ್ದಿರುವುದು ನೋಡುವವರಿಗೆ ಗುಡ್ಡೆ, ನನಗಲ್ಲ. ಅವಸರದವರದು ಬಲಕ್ಕೆ, ಜಗಳಗಂಟರದು ಕೈಗೆ ಸಿಗುವ ಹಾಗೆ, ಮರೆತು ಹೋಗುವವರದು ಮಂಚದಡಿಗೆ. ಕಣ್ಣಿಗೆ ಬಟ್ಟೆ ಕಟ್ಟಿದರೂ ಯಾರ ತುಂಡು ಎಲ್ಲಿದೆ ಎಂದು ಎಳೆದುಕೊಡುತ್ತೇನೆ. ಯಾವ ಕಂಪ್ಯೂಟರ್ ಬರುತ್ತದೋ ಬರಲಿ. (ಚಿಕ್ಕಮ್ಮನ ರವಿಕೆ ಬಟ್ಟೆಯ ಮಾತು ಬೇರೆ. ಅದು ಇಲಿಯ ಪಾಲಾಗಿದೆ, ಹೇಳಬೇಡ.)

ಎತ್ತರ ಕೇಳಿದ್ದೀಯ. ಬರೆಸಿದ್ದು ಬರೆಸಿಯಾಯಿತು. ಬದುಕಿರುವವನ ಎತ್ತರ ಕಟ್ಟಿಕೊಂಡು ಏನಾಗಬೇಕು? ಎದುರು ನಿಂತು "ಅಣ್ಣಾ" ಎಂದರೆ ತಿರುಗಿ ನೋಡುತ್ತಾನೆ, ಅಷ್ಟೇ. ನೀನು ಸತ್ತವರ ಕಡೆ ತಲೆ ಹಾಕದೆ ಇರುವುದು ಒಳ್ಳೆಯದಾಯಿತು. ನನ್ನ ಮನಸ್ಸಿಗೆ ಅದೇ ದೊಡ್ಡ ಸಮಾಧಾನ.

ಮೊನ್ನೆ ಔಷಧಿ ಅಂಗಡಿಯವನ ಸ್ಕೂಟರಿನಲ್ಲಿ ಕೂತು ಊರಾಚೆಯ ಆಶ್ರಯಧಾಮಕ್ಕೆ ಹೋಗಿ ಬಂದೆ. ಒಬ್ಬ ಮುದುಕ ಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದ. ಅಣ್ಣನೇ ಎಂದುಕೊಂಡೆ. ಮರೆವು ಹೆಚ್ಚಾದ ಮೇಲೆ ನಿನ್ನ ಅಪ್ಪ ನನ್ನ ಅಂಗಡಿಯ ಬಾಗಿಲಲ್ಲೂ ಹಾಗೆಯೇ ನಿಂತು, ದಾರಿಯಲ್ಲಿ ಹೋಗುವವರನ್ನೆಲ್ಲ "ಬನ್ನಿ, ಬನ್ನಿ, ಒಳಗೆ ದಯಮಾಡಿಸಿ" ಎನ್ನುತ್ತಿದ್ದನಲ್ಲ. ಹತ್ತಿರ ಹೋಗಿ ನೋಡಿದರೆ ಬೇರೆ ಯಾರೋ. ನನ್ನ ಕೈ ಹಿಡಿದುಕೊಂಡು, "ಬಸ್ಸು ಬಂತಾ?" ಎಂದ. ಇನ್ನೂ ಬಂದಿಲ್ಲ ಎಂದೆ.

ನಿನ್ನ ಚಿಕ್ಕಪ್ಪ


ಜುಲೈ 25

ಪ್ರೀತಿಯ ಚಿಕ್ಕಪ್ಪ,

ಪ್ರತಿದಿನ ಊಟದ ಬಿಡುವಿನಲ್ಲಿ ಜಾಲತಾಣ ತೆರೆಯುತ್ತೇನೆ, ಮನೆಗೆ ಬಂದು ಮತ್ತೆ ತೆರೆಯುತ್ತೇನೆ. ಒಂದೊಂದು ಊರಿನವರು ಒಂದೊಂದು ಥರ ಅಳೆದಿರುತ್ತಾರೆ ಎಂದು ಎತ್ತರಕ್ಕೆ ಮೇಲೆ ಎರಡು ಇಂಚು, ಕೆಳಗೆ ಎರಡು ಇಂಚು ಸಡಿಲ ಬಿಟ್ಟಿದ್ದೇನೆ. ಐದಡಿ ಆರರಿಂದ ಮೇಲಕ್ಕೆ. ಇನ್ನೂ ಸಡಿಲ ಬಿಟ್ಟರೆ ಜನ ಮುಗಿಯುವುದೇ ಇಲ್ಲ.

ದೂರಿನಲ್ಲಿ ಒಂದು ಖಾನೆ ಖಾಲಿ ಬಿಟ್ಟಿದ್ದೀರಿ: ಪಾದರಕ್ಷೆ. ಅವತ್ತು ಅಪ್ಪನ ಕಾಲಲ್ಲಿ ಏನಿತ್ತು? ಬಣ್ಣ, ನಮೂನೆ, ಸವೆದಿತ್ತೇ, ಹೊಸದೇ, ನೆನಪಿದ್ದಷ್ಟು ಬರೆಯಿರಿ. ಗುರುತು ಹಿಡಿಯಲು ಅದು ಬಹಳ ಉಪಯೋಗಕ್ಕೆ ಬರುತ್ತದಂತೆ.

ಊಟ ಸರಿಯಾಗಿ ಮಾಡುತ್ತಿದ್ದೇನೆ, ಚಿಕ್ಕಮ್ಮನಿಗೆ ಹೇಳಿ.

ಗುಬ್ಬಿ


ಆಗಸ್ಟ್ 5

ಗುಬ್ಬಿ,

ಕಾಲಲ್ಲಿ ಬೂಟು. ಕಪ್ಪು. ಬೂಟು ಅಂದರೆ ಬೂಟು, ಅದರಲ್ಲಿ ಬರೆಯುವಂಥದ್ದೇನಿದೆ?

ನೀನು ಅಂಗಿಯ ವಿಷಯ ಕೇಳು, ಹೇಳುತ್ತೇನೆ. ತಿಳಿನೀಲಿ, ಸಣ್ಣ ಗೀಟು, ಕಾಲರಿಗೆ ಒಳಗಿಂದ ಎರಡು ಸಾಲು ಹೊಲಿಗೆ. ಎಡಗಡೆಯ ಜೇಬು ಕೂದಲೆಳೆಯಷ್ಟು ಓರೆ. ಕಣ್ಣು ತಪ್ಪಿ ಆದದ್ದಲ್ಲ, ಪೆನ್ನು ಬೀಳಬಾರದೆಂದು ಬೇಕೆಂದೇ ಮಾಡಿದ್ದು. ಈ ಪ್ರಪಂಚದಲ್ಲಿ ಅಂಥ ಜೇಬು ಇನ್ನೊಂದಿಲ್ಲ. ಇದನ್ನೆಲ್ಲ ಹೇಳಲು ಮತ್ತೆ ಕಚೇರಿಗೆ ಹೋಗಿದ್ದೆ. ಆ ಗುಮಾಸ್ತೆ "ಅಂಗಿಗೆ ಬಣ್ಣದ ಖಾನೆ ಒಂದೇ ಇರೋದು ಸಾರ್, ನೀಲಿ ಅಂತ ಹಾಕಿದೀನಿ" ಎಂದಳು. ಹಾಗಾದರೆ ಲೋಕದ ಅರ್ಧ ಗಂಡಸರು ಕಾಣೆಯಾಗಿದ್ದಾರೆ ಎಂದು ಹೇಳಿ ಬಂದೆ.

ಚಿಕ್ಕಮ್ಮ ಅಣ್ಣನ ಕೋಣೆಯ ಕಿಟಕಿ ದಿನಾ ತೆರೆದಿಟ್ಟು, ಹಾಸಿಗೆ ಕೊಡವಿ, ಮತ್ತೆ ಮುಚ್ಚುತ್ತಾಳೆ.

ಬದುಕಿರುವವರ ಪಟ್ಟಿಯನ್ನೇ ನೋಡುತ್ತಿದ್ದೀಯ ತಾನೇ?

ನಿನ್ನ ಚಿಕ್ಕಪ್ಪ


ಸೆಪ್ಟೆಂಬರ್ 8

ಪ್ರೀತಿಯ ಚಿಕ್ಕಪ್ಪ, ಚಿಕ್ಕಮ್ಮ,

ಇವತ್ತು ನಿಮ್ಮಿಬ್ಬರಿಗೂ ಒಂದು ಒಳ್ಳೆಯ ಮಾತು ಹೇಳಬೇಕು. ಅದಕ್ಕೆ ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ.

ಸತ್ತವರ ಪಟ್ಟಿ ನೋಡುವುದಿಲ್ಲ ಎಂದು ಬರೆದಿದ್ದೆನಲ್ಲ. ಮೊದಲ ದಿನ ನಾನು ತೆರೆದದ್ದೇ ಅದನ್ನು. ನಿಮಗೆ ಹೇಳಿದರೆ ನೀವು ಎದೆಗುಂದುತ್ತೀರಿ, ಚಿಕ್ಕಮ್ಮ ಊಟ ಬಿಡುತ್ತಾರೆ ಎಂದು ಮುಚ್ಚಿಟ್ಟೆ. ಅಲ್ಲಿ ಇರುವುದು ಫೋಟೋ ಎನ್ನುವ ಹಾಗಿಲ್ಲ, ಮುಖ ಎನ್ನುವ ಹಾಗೂ ಇಲ್ಲ. ಅದಕ್ಕೆಂದೇ ಎತ್ತರವನ್ನೇ ನೆಚ್ಚಿಕೊಂಡೆ. ಮುಖ ಕೆಡುತ್ತದೆ, ಬಟ್ಟೆ ಬದಲಾಗುತ್ತದೆ, ಮೂಳೆ ಬದಲಾಗುವುದಿಲ್ಲ.

ಈಗ ಒಳ್ಳೆಯ ಮಾತು. ಅಪ್ಪ ಹೋದ ದಿನದಿಂದ ನಿನ್ನೆಯವರೆಗೆ ಸೇರಿದ ಹೆಸರಿಲ್ಲದ ಹೆಣಗಳಲ್ಲಿ ಅವರ ವಯಸ್ಸಿನ, ಐದಡಿ ಆರು ಇಂಚಿನಿಂದ ಮೇಲಿನ ಪ್ರತಿಯೊಬ್ಬರನ್ನೂ ನೋಡಿ ಮುಗಿಸಿದೆ. ಯಾರೂ ಅಪ್ಪ ಅಲ್ಲ. ಎರಡು ಸಲ ನೋಡಿದೆ. ಅಪ್ಪ ಅಲ್ಲಿಲ್ಲ ಚಿಕ್ಕಪ್ಪ! ಎಲ್ಲೋ ಇದ್ದಾರೆ. ಯಾವುದೋ ಬಾಗಿಲಲ್ಲಿ ನಿಂತು ಯಾರನ್ನೋ ಒಳಗೆ ಕರೆಯುತ್ತಿದ್ದಾರೆ.

ನಿನ್ನೆ ಚೆನ್ನಾಗಿ ನಿದ್ದೆ ಬಂತು.

ನಿಮ್ಮ ಮಗಳು,
ಗುಬ್ಬಿ


ಸೆಪ್ಟೆಂಬರ್ 17

ಗುಬ್ಬಿ,

ಕಾಗದ ಬಂತು. ಚಿಕ್ಕಮ್ಮ ಓದಿಸಿಕೊಂಡು ಕಣ್ಣೊರೆಸಿಕೊಂಡಳು. ಸಂತೋಷದ್ದು.

ಒಂದು ಮಾತು ಕೇಳುತ್ತೇನೆ, ಬೇರೆ ಅರ್ಥ ಹಚ್ಚಬೇಡ. ಆ ಜರಡಿಯಲ್ಲಿ ಎತ್ತರವನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಸುಮ್ಮನೆ ಕೇಳಿದೆ. ನೀನು ಮಾಡಬೇಕಾಗಿಲ್ಲ.

ಚಿಕ್ಕಪ್ಪ


ಅಕ್ಟೋಬರ್ 4

ಗುಬ್ಬಿ,

ನಿನ್ನಿಂದ ಉತ್ತರವಿಲ್ಲ. ಅಂಚೆಯವನನ್ನು ದಿನಾ ತಡೆದು ಕೇಳಿ ಕೇಳಿ, ಅವನೀಗ ನನ್ನ ಅಂಗಡಿ ಬಂದರೆ ಎದುರುಗಡೆಯ ದಾರಿ ಹಿಡಿಯುತ್ತಾನೆ.

ಇಲ್ಲಿ ಎಲ್ಲ ಕ್ಷೇಮ. ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ, ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ನನ್ನ ಕತ್ತರಿಯ ಓಟ ನೋಡಿ ಮೇಷ್ಟರು ಬೆರಗಾದರು. ಕಚೇರಿಯ ಕಡೆ ಹೋಗಲು ಆಗಿಲ್ಲ. ಎರಡು ಸಲ ಬಾಗಿಲವರೆಗೆ ಹೋದೆ, ಒಳಗೆ ಜನ ಜಾಸ್ತಿ ಇದ್ದರು ಎಂದು ಬಂದುಬಿಟ್ಟೆ. ಆ ಗುಮಾಸ್ತೆಗೂ ಪಾಪ, ಎಷ್ಟೊಂದು ಕೆಲಸ.

ಒಂದು ಸಾಲು ಬರೆ.

ಚಿಕ್ಕಪ್ಪ


ಅಕ್ಟೋಬರ್ 11

ಚಿಕ್ಕಪ್ಪನವರಿಗೆ,

ನಿಮ್ಮ ಪ್ರಶ್ನೆ ಬಂದ ದಿನವೇ ಎತ್ತರದ ಗುರುತು ತೆಗೆದು ನೋಡಿದೆ. ಅಪ್ಪ ಎರಡನೆಯ ಪುಟದಲ್ಲಿದ್ದರು.

ಅಪರಿಚಿತ ಪುರುಷ. ಐದಡಿ ನಾಲ್ಕು ಇಂಚು. ನೀಲಿ ಅಂಗಿ. ಪಾದರಕ್ಷೆ ಇಲ್ಲ. ಇಲ್ಲಿಗೂ ನಿಮ್ಮೂರಿಗೂ ನಡುವೆ ಇರುವ ಒಂದು ಊರಿನ ಬಸ್ ನಿಲ್ದಾಣದಲ್ಲಿ ಜುಲೈ ಕೊನೆಯಲ್ಲಿ ತೀರಿಕೊಂಡದ್ದು. ಕೊನೆಗೆ ಷರಾ ಎಂದು ಒಂದು ಸಾಲು: "ಕೆಲವು ವಾರಗಳಿಂದ ನಿಲ್ದಾಣದ ಬಾಗಿಲಲ್ಲಿ ನಿಂತು ಪ್ರಯಾಣಿಕರನ್ನು ಒಳಗೆ ಕರೆಯುತ್ತಿದ್ದರೆಂದು ಅಂಗಡಿಯವರ ಹೇಳಿಕೆ." ಯಾರೋ ಪುಣ್ಯಾತ್ಮ ಪೊಲೀಸ್ ಬರೆದಿಟ್ಟಿದ್ದಾನೆ. ಆ ಸಾಲನ್ನು ಹುಡುಕಲು ಜಾಲತಾಣದಲ್ಲಿ ಖಾನೆಯೇ ಇಲ್ಲ. ಇದ್ದಿದ್ದರೆ ನಾನು ಮೊದಲ ದಿನವೇ ಹಾಕುತ್ತಿದ್ದೆ. ಆ ಜೇಬನ್ನು ಫೋಟೋದಲ್ಲಿ ನೋಡಿದೆ. ಓರೆಯಾಗಿದೆ.

ಫೋನ್ ಮಾಡಿದೆ. ಆಗಸ್ಟ್ ಕೊನೆಯವರೆಗೆ ಶೈತ್ಯಾಗಾರದಲ್ಲಿ ಇಟ್ಟುಕೊಂಡಿದ್ದರಂತೆ. ಯಾರೂ ಕೇಳಲಿಲ್ಲ ಎಂದು, ಗುರುತಿಗೆ ರಕ್ತದ ಮಾದರಿ ತೆಗೆದಿಟ್ಟುಕೊಂಡು ಹೂತರಂತೆ. ಕಾಲಲ್ಲಿ ಏನಿತ್ತು ಎಂದು ಕೇಳಿದ ನನ್ನ ಕಾಗದ ನಿಮ್ಮ ಕೈಗೆ ಬಂದಾಗ ಅಪ್ಪ ಅಲ್ಲಿ ಇದ್ದರು. ಬೂಟು ಅಂದರೆ ಬೂಟು ಎಂದು ನೀವು ಬರೆದಾಗ ಅಲ್ಲಿ ಇದ್ದರು. ನಾನು ಪ್ರತಿದಿನ ಊಟದ ಬಿಡುವಿನಲ್ಲಿ ಅವರನ್ನು ದಾಟಿ ಹೋಗಿದ್ದೇನೆ.

ಅಳತೆ ನಿಮ್ಮ ಕಸುಬು. ನಾಲ್ಕು ಇಂಚು ಹೇಗೆ ತಪ್ಪುತ್ತದೆ?


ಅಕ್ಟೋಬರ್ 20

ಗುಬ್ಬಿ,

ತಪ್ಪಲಿಲ್ಲ. ಗೊತ್ತಿದ್ದೇ ಹೇಳಿದೆ.

ನಿನ್ನ ಅಪ್ಪ ಕುಳ್ಳ. ನಿನ್ನ ಅಮ್ಮ ಅವನಿಗಿಂತ ಎರಡು ಬೆರಳು ಎತ್ತರ. ಮದುವೆಯ ದಿನ ಯಾರೋ ನೆಂಟ ಎಲ್ಲರೆದುರು, "ಏನಪ್ಪಾ, ಫೋಟೋಗೆ ನಿಲ್ಲೋಕೆ ಒಂದು ಸ್ಟೂಲ್ ಹಾಕ್ಲಾ?" ಎಂದು ನಗಾಡಿದ. ಅವನ ಮುಖ ಸಣ್ಣಗಾದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಮೇಲೆ ಒಬ್ಬ ಚಮ್ಮಾರ ಗೆಳೆಯನ ಕೈಲಿ ಬೂಟು ಮಾಡಿಸಿದೆವು. ಒಳಗೆ ದಪ್ಪ ಅಟ್ಟೆ, ಹೊರಗೆ ಎತ್ತರದ ಹಿಮ್ಮಡಿ, ಒಟ್ಟು ಮೂರು ಇಂಚು. ಹಿಮ್ಮಡಿ ಕಾಣದ ಹಾಗೆ ಪ್ಯಾಂಟನ್ನು ನೆಲ ಮುಟ್ಟುವಂತೆ ಇಳಿಬಿಟ್ಟು ಹೊಲಿದವನು ನಾನು. ಮನೆಯೊಳಗೆ ಹಾಕುವ ಚಪ್ಪಲಿಗೂ ಅದೇ ವ್ಯವಸ್ಥೆ. ಬಟ್ಟೆ ಮಳಿಗೆಯ ಬಾಗಿಲಲ್ಲಿ ನಿಲ್ಲುವ ಕೆಲಸ ಸಿಕ್ಕಿದ್ದೇ ಆ ಬೂಟಿನಿಂದ. "ಯಾರಿಗೂ ಹೇಳಬೇಡ ಕಣೋ, ಗುಬ್ಬಿಗಂತೂ ಬೇಡವೇ ಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ನಿನ್ನ ಅಮ್ಮನಿಗೆ ತಿಳಿದಿತ್ತು, ಅವಳು ಸಾಯುವವರೆಗೂ ಬಾಯಿ ಬಿಡಲಿಲ್ಲ.

ಮೂರು ಇಂಚು ಅವನ ಮಾನಕ್ಕೆ. ಇನ್ನೊಂದು ಇಂಚು ನನ್ನ ಬಾಯಿಯದು. ಗುಮಾಸ್ತೆ "ಎತ್ತರ?" ಎಂದಾಗ ಏಳು ಎನ್ನಬೇಕಾದವನು ಎಂಟು ಎಂದೆ. ಅಣ್ಣನ ವಿಷಯ ಯಾರಾದರೂ ಕೇಳಿದರೆ ಯಾವಾಗಲೂ ಹಾಗೆಯೇ ಬರುತ್ತದೆ. ಆ ಒಂದು ಇಂಚು ಇಲ್ಲದಿದ್ದರೂ ಅವನು ನಿನ್ನ ಜರಡಿಯಲ್ಲಿ ನಿಲ್ಲುತ್ತಿರಲಿಲ್ಲ, ಲೆಕ್ಕ ಹಾಕಿ ನೋಡಿದ್ದೇನೆ. ಅದರಿಂದ ಏನೂ ಹಗುರಾಗಲಿಲ್ಲ.

ಬದುಕಿರುವವರನ್ನು ಮಾತ್ರ ನೋಡುತ್ತೇನೆ ಎಂದು ನೀನು ಬರೆದಿದ್ದೆ. ಬದುಕಿರುವವನು ಬೂಟು ಹಾಕಿಕೊಂಡೇ ಇರುತ್ತಾನೆ ಎಂದುಕೊಂಡೆ. ತಪ್ಪನ್ನು ನಿನ್ನ ಮೇಲೆ ಹಾಕುತ್ತಿಲ್ಲ. ನನ್ನ ತಲೆ ಹೇಗೆ ಓಡಿತು ಎಂದು ಹೇಳುತ್ತಿದ್ದೇನೆ.

ನಿನ್ನ ಕಾಗದ ಓದಿದ ಮೇಲೆ ಕಚೇರಿಗೆ ಹೋದೆ. ಇವರೇ ನನ್ನ ಅಣ್ಣ ಎಂದೆ. ಗುಮಾಸ್ತೆ ಎರಡನ್ನೂ ಅಕ್ಕಪಕ್ಕ ತೆರೆದು, "ಹೊಂದಲ್ಲ ಸಾರ್. ನಿಮ್ಮ ದೂರಿನೋರು ಐದು ಎಂಟು, ಇವರು ಐದು ನಾಲ್ಕು. ಕಂಪ್ಯೂಟರ್ ರಕ್ತಪರೀಕ್ಷೆಗೆ ಬಿಡೋದೇ ಇಲ್ಲ" ಎಂದಳು. ಕಣ್ಣಳತೆಯಲ್ಲಿ ಭುಜ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಅವಳಿಗೂ ನೆನಪಿತ್ತು. ಕೇಳಲಿಲ್ಲ, ಅಷ್ಟು ದೊಡ್ಡತನ ತೋರಿಸಿದಳು.

ಬೂಟಿನ ಸಂಗತಿಯೆಲ್ಲ ಹೇಳಿದೆ. ನನಗೆ ಕಿವಿ ಕೇಳದೆಂದು ಅವಳು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳುತ್ತ ಟೈಪ್ ಮಾಡಿದಳು. ಸಾಲಿನಲ್ಲಿ ನಿಂತವರೆಲ್ಲ ಕೇಳಿದರು. ಒಬ್ಬ ನಕ್ಕ. ಕೆಳಗೆ ಸಹಿ ಹಾಕಿದೆ. ಈಗ ಪರೀಕ್ಷೆಗೆ ಒಪ್ಪಿದ್ದಾರೆ. ರಕ್ತ ಕೊಡಲು ಮಗಳೇ ಬರಬೇಕಂತೆ. ನಿನಗೆ ಯಾವಾಗ ಆಗುತ್ತದೆ ಎಂದು ತಿಳಿಸು. ಕೋಣೆ ಸಿದ್ಧವಾಗಿದೆ.

ಚಿಕ್ಕಪ್ಪ


ನವೆಂಬರ್ 27

ಚಿಕ್ಕಪ್ಪನವರಿಗೆ,

ಈ ತಿಂಗಳ ಮೊದಲ ವಾರ ಬಂದಿದ್ದೆ. ರಕ್ತ ಕೊಟ್ಟು, ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ಇದ್ದು, ಮಾರನೆಯ ದಿನ ಹೊರಟೆ. ನಿಮ್ಮ ಬೀದಿಯ ತುದಿಯವರೆಗೆ ಬಂದೆ. ಔಷಧಿ ಅಂಗಡಿಯವರು ನೋಡಿದರು, ಹೇಳಬೇಡಿ ಎಂದು ಕೇಳಿಕೊಂಡೆ. ಹೇಳಿಲ್ಲ ಅನಿಸುತ್ತದೆ.

ಪರೀಕ್ಷೆಯಲ್ಲಿ ರಕ್ತ ಹೊಂದಿದೆ. ಅಪ್ಪನೇ.

ಅಪ್ಪನನ್ನು ಬರಿಗಾಲಲ್ಲಿ ನೋಡಿಲ್ಲವೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನೋಡಿದ್ದೇನೆ. ಕೂತಾಗ, ಮಲಗಿದಾಗ. ನಿಂತಾಗ ನೋಡಿದ ನೆನಪು ಒಂದೂ ಇಲ್ಲ. ಇದ್ದಿದ್ದರೂ ನಾನು ಅಳೆಯುತ್ತಿದ್ದೆನೇ? ಕುಳ್ಳ ಆಗಿದ್ದರೆ ನನಗೇನು ಕಡಿಮೆಯಾಗುತ್ತಿತ್ತು? ಇದನ್ನು ನಿಮ್ಮಿಬ್ಬರಲ್ಲಿ ಒಬ್ಬರಾದರೂ ನನ್ನನ್ನು ಕೇಳಬಹುದಿತ್ತು.

ಒಂದು ಕೆಲಸ ಬಾಕಿಯಿದೆ. ನಿಮ್ಮ ಹೊಸ ಹೇಳಿಕೆಯನ್ನು ಅವರು ಹೊಸ ದೂರು ಎಂದು ದಾಖಲಿಸಿದ್ದಾರೆ. ಹಳೆಯದು ಹಾಗೆಯೇ ಇದೆ. ಅದರಲ್ಲಿ ಅಪ್ಪನ ಫೋಟೋ, ಐದಡಿ ಎಂಟು ಇಂಚು, ಕೆಳಗೆ "ಶೋಧ ಮುಂದುವರಿದಿದೆ". ನಾನು ಮುಚ್ಚಬೇಕು ಎಂದುಕೊಂಡೇ ದಿನಾ ತೆರೆಯುತ್ತೇನೆ. ದೂರು ಕೊಟ್ಟವರೇ ಹೋಗಿ ಹೇಳಿದರೆ ಮಾತ್ರ ತೆಗೆಯುತ್ತಾರಂತೆ. ದಯವಿಟ್ಟು ತೆಗೆಸಿ. ನನ್ನ ಕೈಲಿ ಆಗುತ್ತಿಲ್ಲ.


ಡಿಸೆಂಬರ್ 8

ಗುಬ್ಬಿ,

ಕಾಗದ ತಲುಪಿದ ಬೆಳಿಗ್ಗೆಯೇ ಹೋದೆ. ಚಿಕ್ಕಮ್ಮನೂ ಬಂದಿದ್ದಳು. ನೀನು ಬೀದಿಯ ತುದಿಗೆ ಬಂದು ಹೋದ ವಿಷಯ ಅವಳಿಗೆ ನಾನು ಹೇಳಿಲ್ಲ. ಔಷಧಿ ಅಂಗಡಿಯವನೂ ನನಗೆ ಹೇಳಿರಲಿಲ್ಲ.

ಗುಮಾಸ್ತೆ ಹಳೆಯ ದೂರನ್ನು ತೆರೆದಳು. ತೆಗೆಯಬೇಕಾದರೆ ಕಾರಣ ಒತ್ತಬೇಕು, ಬೇರೆ ಏನನ್ನೂ ಬರೆಯುವ ಹಾಗಿಲ್ಲ, ಇರುವ ಮೂರರಲ್ಲೇ ಆರಿಸಬೇಕು ಎಂದಳು. ವ್ಯಕ್ತಿ ಮನೆಗೆ ಮರಳಿದ್ದಾರೆ. ವ್ಯಕ್ತಿ ಮೃತಪಟ್ಟಿದ್ದಾರೆ. ದೂರುದಾರರು ಸುಳ್ಳು ಮಾಹಿತಿ ನೀಡಿದ್ದಾರೆ.

"ಎರಡನೇದು ಒತ್ತಿ," ಎಂದೆ.

ಒತ್ತಿದಳು. ಪರದೆಯ ಮೇಲೆ ಕೆಂಪಗೆ ಏನೋ ಬಂತು. "ತಗೊಳಲ್ಲ ಸಾರ್. ಅವರ ಸಾವು ಹೊಸ ದೂರಿಗೆ ಸೇರಿಹೋಗಿದೆ. ಒಬ್ಬರು ಎರಡು ಸಲ ಸಾಯೋದನ್ನ ಇದು ಒಪ್ಪಲ್ಲ."

ನಾನು ಆ ಮೂರು ಸಾಲನ್ನು ಮತ್ತೆ ಓದಿದೆ. ಹಿಂದಿನವರು ಗೊಣಗಿದರು. ಅವಳು ನನ್ನ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ, "ಮೊದಲನೇದು ಒತ್ತಿಬಿಡ್ಲಾ? ಮನೆಗೆ ಬಂದ್ರು ಅಂತ? ಯಾರೂ ವಿಚಾರಿಸಲ್ಲ," ಎಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಮ್ಮನಿಗೂ ಕೇಳಿಸಿರಬೇಕು, ನನ್ನ ತೋಳು ಹಿಡಿದುಕೊಂಡಳು. "ಹೂಂ ಅನ್ನಿ, ಅಷ್ಟಾದರೂ ಇರಲಿ," ಎಂದಳು.

ಅನ್ನಬಹುದಿತ್ತು, ಗುಬ್ಬಿ. ಬಾಯಿಯವರೆಗೆ ಬಂದಿತ್ತು.

"ಮೂರನೇದು," ಎಂದೆ.

ಒತ್ತಿದಳು. ಫೋಟೋ ಹೋಯಿತು. ಈಗ ನೀನು ಹುಡುಕಿದರೆ ಐದಡಿ ನಾಲ್ಕು ಇಂಚಿನವನು ಒಬ್ಬನೇ ಸಿಗುತ್ತಾನೆ.

ಚಿಕ್ಕಪ್ಪ